ಅಣ್ಣನನ್ನು ಮಾತಾಡಿಸಲು ಹೋದ ದಿನ

ನನ್ನ ಅಣ್ಣ ನನ್ನೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕೆ.ಆರ್. ಪುರದ ಒಂದೇ ಕಟ್ಟಡದಲ್ಲಿ ಅವನು ಮೇಲೆ, ನಾನು ಕೆಳಗೆ. ನೀರಿನ ಟ್ಯಾಂಕ್ ತುಂಬಿ ಸುರಿದರೆ ಮೆಟ್ಟಿಲ ಮೇಲೆ ನಿಂತು ಅತ್ತಿಗೆಗೆ ಹೇಳುತ್ತಿದ್ದ, ಬೀದಿಗೆಲ್ಲ ಕೇಳುವ ಹಾಗೆ: "ಮೋಟ್ರು ಆಫ್ ಮಾಡಕ್ಕೆ ಹೇಳೇ ಅವನಿಗೆ!" ನಾನು ಸ್ವಿಚ್ಚಿನ ಪಕ್ಕದಲ್ಲೇ ನಿಂತಿರುತ್ತಿದ್ದೆ. ಅತ್ತಿಗೆ, ಪಾಪ, ಅದೇ ಮಾತನ್ನು ಮತ್ತೆ ನನಗೆ ಹೇಳಬೇಕು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಮೈ ಉರಿಯುತ್ತಿತ್ತು.

ತಪ್ಪು ನನ್ನದೇ, ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಮನೆಯ ಹತ್ತಿರ, ಈಗ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ, ನಮ್ಮ ದ್ರಾಕ್ಷಿ ಚಪ್ಪರವಿತ್ತು. ಅಪ್ಪ ನೆಟ್ಟ ಕಲ್ಲುಕಂಬ, ಅಣ್ಣ ಸಾಕಿದ ಬಳ್ಳಿ. ಮಾರಿಬಿಡೋಣ ಎಂದು ನಾನು, ಇನ್ನೊಂದು ಬೆಳೆ ನೋಡೋಣ ಎಂದು ಅವನು. ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ವಾರ ನಾನು ಜೆಸಿಬಿ ತರಿಸಿ ಒಂದೇ ದಿನದಲ್ಲಿ ಚಪ್ಪರ ಕೆಡವಿಸಿಬಿಟ್ಟೆ. ಬಳ್ಳಿಯೇ ಇಲ್ಲದ ಮೇಲೆ ಇವನೇನು ಹಟ ಮಾಡುತ್ತಾನೆ ಎಂದುಕೊಂಡೆ. ಅವನು ಊರುಗೋಲಿನ ಮೇಲೆ ಬಂದು ನೋಡಿದ, ಜಮೀನು ಮಾರುವ ಪತ್ರಕ್ಕೆ ಸಹಿ ಹಾಕಿದ, ಅಷ್ಟೆ. ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಕಳೆದ ವರ್ಷ ಅತ್ತಿಗೆ ಕೆಳಗೆ ಬಂದು, "ಮುಂದಿನ ತಿಂಗಳು ಮೈಸೂರಿಗೆ, ಮಗಳ ಮನೆಗೆ ಹೋಗ್ಬಿಡ್ತೀವಪ್ಪ. ಮೇಲಿನ ಮನೆ ನಿಮ್ಮಣ್ಣ ಬಾಡಿಗೆಗೆ ಕೊಡ್ತಾರಂತೆ," ಎಂದರು. ಹೀಗೇ ಹೋಗಿಬಿಟ್ಟರೆ ನಮ್ಮಿಬ್ಬರ ಕಥೆ ಮುಗಿದಂತೆಯೇ. ನನಗೆ ಅವನ ಒಂದೇ ಒಂದು ಮಾತು ಬೇಕಿತ್ತು, ಬೈಗುಳವಾದರೂ ಸರಿ.

ಇಂದಿರಾನಗರದಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಸಿಗುತ್ತಿತ್ತು. ಒಳಗೇ ಹಾಸಿಗೆ, ಒಲೆ, ಸಿಂಕು ಎಲ್ಲ ಇರುವ ಗಾಡಿ. ನಂದಿ ಬೆಟ್ಟದ ತಪ್ಪಲಿನ ವೈನ್ ಮಾಡುವ ಒಂದು ದ್ರಾಕ್ಷಿ ತೋಟದವರು ಅದನ್ನು ನಿಲ್ಲಿಸಿಕೊಂಡು ಎರಡು ದಿನ ತಂಗಲು ಬಿಡುತ್ತಿದ್ದರು. ದ್ರಾಕ್ಷಿ ಕಂಡರೆ ಅಣ್ಣ ಕರಗುತ್ತಾನೆ, ಅಷ್ಟು ಸಣ್ಣ ಡಬ್ಬದೊಳಗೆ ಉಪ್ಪು ಕೊಡು ಅನ್ನಲಿಕ್ಕಾದರೂ ಬಾಯಿ ಬಿಡಲೇಬೇಕು ಎಂಬುದು ನನ್ನ ಆಸೆ. "ನಿಮ್ಮಿಬ್ರ ಮುಖ ನೋಡ್ಕೊಂಡು ಕೂರಕ್ಕೆ ನನ್ ಕೈಲಾಗಲ್ಲ, ನೀವೇ ಹೋಗಿ," ಎಂದು ನನ್ನ ಹೆಂಡತಿ ಮನೆಯಲ್ಲೇ ಉಳಿದಳು. ಅಣ್ಣ ಹೇಗೆ ಒಪ್ಪಿದನೋ ಗೊತ್ತಿಲ್ಲ. ಅತ್ತಿಗೆ ಅತ್ತಿರಬೇಕು.

ದಾರಿಯಲ್ಲಿ ಮರದ ನೆರಳಿಗೆ ನಿಲ್ಲಿಸಿದಾಗ ಅತ್ತಿಗೆ ಉಪ್ಪಿಟ್ಟು ಮಾಡಿದರು. ಉಪ್ಪು ಕಮ್ಮಿಯಾಗಿತ್ತು. ಡಬ್ಬಿ ನನ್ನ ಕೈಯ ಪಕ್ಕದಲ್ಲೇ ಇತ್ತು. ಕೇಳಲಿ ಎಂದು ನಾನು ಸುಮ್ಮನೆ ಕೂತೆ. "ಸಪ್ಪೆ ಆಯ್ತೇನ್ರೀ?" ಎಂದರು ಅತ್ತಿಗೆ. "ಚೆನ್ನಾಗಿದೆ," ಎಂದು ಅವನು ತಟ್ಟೆ ಬಳಿದು ತಿಂದ. ಥೂ, ಇವನ ಹಟಕ್ಕಿಷ್ಟು!

ತೋಟದ ಗೇಟಿನಲ್ಲಿ ಇಳಿದಾಗ ನನಗೆ ಏನೂ ಅರ್ಥವಾಗಲಿಲ್ಲ. ತಂತಿಯ ಉದ್ದಕ್ಕೂ ಬೋಳು ಮೋಟುಗಳು. ಸಾಲುಗಳ ನಡುವೆ ಕಡಿದ ಕಡ್ಡಿಗಳ ರಾಶಿ. ಒಂದು ಎಲೆಯಿಲ್ಲ, ಗೊಂಚಲಂತೂ ಇಲ್ಲವೇ ಇಲ್ಲ. ತೋಟ ತೋರಿಸುವ ಹುಡುಗಿ ನಗುತ್ತ ಬಂದಳು. "ಹಾರ್ವೆಸ್ಟ್ ಹೋದ ತಿಂಗಳೇ ಮುಗೀತು ಸಾರ್. ಈಗ ಕಟಿಂಗ್ ಆಗಿದೆ. ವೈನ್ ಟೇಸ್ಟಿಂಗ್ ಇದೆ, ಬನ್ನಿ."

ಏಪ್ರಿಲ್ ತಿಂಗಳು. ಶಿವಾಜಿನಗರದಲ್ಲಿ ಗಾಡಿ ತುಂಬ ದ್ರಾಕ್ಷಿ ಕಂಡು ಇದೇ ಕಾಲ ಎಂದುಕೊಂಡಿದ್ದೆ! ದ್ರಾಕ್ಷಿ ಬೆಳೆದವರ ಮನೆಯ ಮಗ ನಾನು. ಕೊಯ್ಲಾದ ಮೇಲೆ ಬಳ್ಳಿಯನ್ನು ಬೋಳಿಸುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಿಕ್ಕವನಾಗಿದ್ದಾಗ ಆ ಕಡ್ಡಿಗಳನ್ನು ಹೊತ್ತು ಹಾಕುತ್ತಿದ್ದವನೇ ನಾನು. ಜಮೀನು ಮಾರಿದ ದುಡ್ಡಲ್ಲಿ ಕಟ್ಟಿಸಿದ ಮನೆಗಳ ಬಾಡಿಗೆ ತಿಂದು ತಿಂದು ಮರೆತಿದ್ದೆ. ಚಪ್ಪರ ಕೆಡವಿದ ಮರುದಿನ ನಮ್ಮ ಜಮೀನು ಹೇಗಿತ್ತೋ ಹಾಗೇ ಇದ್ದ ತೋಟಕ್ಕೆ ಅಣ್ಣನನ್ನು ಕರೆತಂದಿದ್ದೆ. ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಣ್ಣ ಸಾಲಿನೊಳಗೆ ನಡೆದುಹೋದ. ಒಂದು ಮೋಟಿನ ಮುಂದೆ ಕೂತು, ಕಡಿದ ತುದಿಯಲ್ಲಿ ಜಿನುಗುತ್ತಿದ್ದ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ಪಕ್ಕದಲ್ಲಿ ಕಡ್ಡಿ ಆಯುತ್ತಿದ್ದ ಹೆಂಗಸಿಗೆ, "ಚೆನ್ನಾಗಿ ಹಾಕಿದೀಯಮ್ಮ ಕತ್ತರಿ. ಕಡ್ಡಿ ಮೇಲೆ ಇಷ್ಟು ಕಣ್ಣು ಬಿಟ್ರೆ ಸಾಕು, ಅಲ್ಲಿಂದ್ಲೇ ಚಿಗುರ್ಕೊಳುತ್ತೆ," ಎಂದ. "ಹೌದ್ರೀ ಯಪ್ಪಾ," ಎಂದಳು ಅವಳು. ಎಷ್ಟು ಮೆತ್ತಗಿತ್ತು ಅವನ ದನಿ! ನನಗೆ ಕತ್ತರಿ ಹಿಡಿಯಲು ಕಲಿಸಿದ ದನಿ ಅದು. ಗುರುತು ಪರಿಚಯವಿಲ್ಲದ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಅವನು ಎದ್ದು ಬಂದು ಅತ್ತಿಗೆಗೆ, "ಮನೆಗೆ ಹೋಗೋಣ," ಎಂದ. ಎರಡು ದಿನಕ್ಕೆಂದು ಹೊರಟವರು ಮಧ್ಯಾಹ್ನವೇ ಬೂದಿಗೆರೆ ದಾರಿ ಹಿಡಿದು ವಾಪಸಾದೆವು.

ಮನೆ ಇನ್ನೇನು ಬಂತು ಅನ್ನುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಪಕ್ಕದಲ್ಲೇ, ನಮ್ಮ ಚಪ್ಪರವಿದ್ದ ಜಾಗದಲ್ಲಿ, ಆ ಅಪಾರ್ಟ್‌ಮೆಂಟಿನ ಗೋಡೆ. ಬೇಕೆಂದರೂ ಬೇರೆ ಕಡೆ ನೋಡಲಾಗಲಿಲ್ಲ. ನಾನು ಎಂಜಿನ್ ಆಫ್ ಮಾಡಿ ಹಿಂದಕ್ಕೆ ತಿರುಗಿದೆ.

"ಅಣ್ಣ, ತಪ್ಪಾಯ್ತು. ಅವತ್ತು ಮಾಡಿದ್ದೂ ತಪ್ಪು, ಇವತ್ತು ಅಲ್ಲಿಗೆ ಕರ್ಕೊಂಡ್ಹೋಗಿದ್ದೂ ತಪ್ಪು. ಕೆನ್ನೆಗೆ ಹೊಡಿ ಬೇಕಾದ್ರೆ. ಬೈಯಾದ್ರೂ ಬೈ."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಣ್ಣ ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಅವನ ಕಣ್ಣಲ್ಲಿ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ.

"ಬೈಯಕ್ಕೆ ನೀನು ನನಗೆ ಏನಾಗ್ಬೇಕಪ್ಪ?" ಎಂದ.

ಬಸ್ಸಿನಲ್ಲಿ ಪಕ್ಕ ಕೂತವನನ್ನು ವಿಚಾರಿಸುವ ಹಾಗೆ ಕೇಳಿದ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯತೊಡಗಿದರು, ನಾನು ಗಾಡಿ ಬಿಟ್ಟೆ.

ಮುಂದಿನ ತಿಂಗಳು ಅವರ ಸಾಮಾನು ಲಾರಿಗೆ ಏರಿತು. ಮಂಚದ ಒಂದು ಕಡೆ ಕೂಲಿಯವರು ಹಿಡಿದರು, ಇನ್ನೊಂದು ಕಡೆ ನಾನು. ಎಲ್ಲ ಮುಗಿದ ಮೇಲೆ ಅಣ್ಣ ಟೀ ತರಿಸಿದ. ಒಬ್ಬೊಬ್ಬರ ಕೈಗೂ ಕೊಡುತ್ತ ಬಂದವನು ನನಗೂ ಒಂದು ಲೋಟ ಕೊಟ್ಟ, ಕೂಲಿಯವರಿಗೆಲ್ಲ ಕೊಟ್ಟ ಹಾಗೆಯೇ. ನಾನು ಕುಡಿದು ಲೋಟ ಕೆಳಗಿಟ್ಟೆ.