ಎಡೆ ಇಟ್ಟು ಬಾಗಿಲು ಮುಚ್ಚಿದ ಮೇಲೆ

ನಮ್ಮೂರು ಉಡಿಗಾಲದಲ್ಲಿ ನನ್ನ ಸ್ವಂತ ದನಿ ಹೇಗಿದೆ ಎಂದು ಗೊತ್ತಿರುವವರು ಕಡಿಮೆ. ಹಾಲಿನ ಡೈರಿಯ ಸೆಕ್ರೆಟರಿಯ ಮೂಗಿನ ಮಾತು, ಚಾಮರಾಜನಗರ ಬಸ್ಸಿನ ಕಂಡಕ್ಟರ್ ಎಳೆದೆಳೆದು ಕೂಗುವ 'ರೈಟ್', ಗುಂಡ್ಲುಪೇಟೆಯ ದೊಡ್ಡತ್ತೆ ತನ್ನ ಸೂರ್ಯಕಾಂತಿ ಹೊಲಕ್ಕೆ ನುಗ್ಗಿ ಫೋಟೋ ತೆಗೆಯುವ ಕೇರಳದವರನ್ನು ಅರ್ಧ ಮಲಯಾಳದಲ್ಲಿ, ಅರ್ಧ ಬೈಗುಳದಲ್ಲಿ ಓಡಿಸುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಬಾಡಿಗೆ ಕೊಡುವುದೂ ಇಲ್ಲ, ಖಾಲಿ ಮಾಡುವುದೂ ಇಲ್ಲ. ನನ್ನನ್ನೂ ನಾನು ಬಿಟ್ಟವನಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಾನು ತೊದಲಿದ್ದನ್ನು ನಾನೇ ಮಾಡಿ ತೋರಿಸಿ ಊರನ್ನು ನಗಿಸಿದ್ದೇನೆ. ಸುದ್ದಿ ಹೋಗಿ ಹೆಣ್ಣಿನ ಮನೆಯವರೂ ನಕ್ಕರಂತೆ. ಹೆಣ್ಣು ಮಾತ್ರ ಕೊಡಲಿಲ್ಲ.

ಈ ಗಂಟಲೇ ನನ್ನ ಅನ್ನ. ಚಾಮರಾಜನಗರದಲ್ಲಿ ಆಟೋದ ಮೇಲೆ ಸ್ಪೀಕರ್ ಕಟ್ಟಿಕೊಂಡು ಬೀದಿ ಬೀದಿ ಪ್ರಚಾರ ಮಾಡುತ್ತೇನೆ. ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿಗೆ ಒಂದು ದನಿ, ಕಣ್ಣು ತಪಾಸಣೆಯ ಶಿಬಿರಕ್ಕೆ ಇನ್ನೊಂದು, ಯಾರಾದರೂ ದೊಡ್ಡವರು ತೀರಿಕೊಂಡರೆ ಮತ್ತೊಂದು. ಒಮ್ಮೆ ಅವಸರದಲ್ಲಿ ಸಾವಿನ ಸುದ್ದಿಯನ್ನು ರಿಯಾಯಿತಿಯ ದನಿಯಲ್ಲಿ ಓದಿ ಅರ್ಧ ಬೀದಿ ದಾಟಿದ್ದೆ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅಪ್ಪನ ದನಿ. ಅಪ್ಪ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಅವನ ಅಭ್ಯಾಸ. ಚಳಿಯ ಬೆಳಗ್ಗೆ ಸ್ಟಾರ್ಟ್ ಆಗಲು ಒಲ್ಲದ ಟ್ರ್ಯಾಕ್ಟರಿನ ಹಾಗೆ ಮೊದಲು ಕರಕರ, ಆಮೇಲೆ ಒಂದು ದೊಡ್ಡ 'ಹ್ಞೂಂ'. ಅವನು ಬದುಕಿದ್ದಾಗ ಅದನ್ನು ಮಾಡಿ ಏಟು ತಿಂದಿದ್ದೆ. ಅವನು ಹೋದ ಮೇಲೂ ಮಾಡುತ್ತಿದ್ದೆ. "ಬುಡ್ಲಾ, ಎದೆ ಹೊಡ್ಕತದ" ಎಂದು ಅವ್ವ ಗದರುತ್ತಿದ್ದಳು. ಒಂದಷ್ಟು ದಿನ ಬಿಟ್ಟರೆ, "ಯಾಕ್ಲಾ, ಸುಮ್ಕಾಗ್ಬುಟ್ಟೆ?" ಎಂದು ಅವಳೇ ಕೇಳುತ್ತಿದ್ದಳು.

ಅಕ್ಕನನ್ನು ಕೊಟ್ಟಿರುವುದು ತಮಿಳುನಾಡಿನ ಕರೂರಿಗೆ. ಭಾವ ಅಲ್ಲಿ ಬೆಡ್‌ಶೀಟ್ ನೇಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅಪ್ಪ ಹೋದ ಮೇಲೆ ಹುಟ್ಟಿದ ಒಂದು ಹೆಣ್ಣುಮಗು ಅವರಿಗಿದೆ. ಈಗ ಅಕ್ಕ ಮತ್ತೆ ಬಸುರಿ. ಯಾಕೋ ಈ ಸಲ ಮೈಗೆ ಒಗ್ಗಲಿಲ್ಲ. ಎದ್ದು ಓಡಾಡಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ನೋಡಿಕೊಳ್ಳಲು ಅತ್ತೆ ಇಲ್ಲ, ನಾದಿನಿ ಇಲ್ಲ.

"ನೀವಿಬ್ರೂ ಬಂದ್ಬುಡಿ ಕಣವ್ವ. ಬಾಣಂತನಕ್ಕಲ್ಲ, ಪೂರ್ತಿ ಬಂದ್ಬುಡಿ. ಪಕ್ಕದ್ಮನೆ ಖಾಲಿ ಅದ. ತಮ್ಮಂಗೂ ಕಾರ್ಖಾನೇಲಿ ಪ್ಯಾಕಿಂಗ್ ಕೆಲ್ಸ ಕೊಡುಸ್ತರಂತ," ಎಂದು ಅಕ್ಕ ಫೋನಿನಲ್ಲಿ ಅಂದಳು. ಅವ್ವ ನನ್ನ ಮುಖ ನೋಡಿದಳು. "ಇವನು ಬಂದ್ರೆ ಬತ್ತಿನಿ. ಇವನ್ನ ಒಬ್ಬನೇ ಬುಟ್ರೆ ಊರೋರೆಲ್ಲ ಸೇರಿ ಹೊಡೆದು ಹಾಕ್ತರೆ."

ನೋಡಿಕೊಂಡು ಬರೋಣವೆಂದು ಬೇಸಿಗೆಯಲ್ಲಿ ಒಬ್ಬನೇ ಹೋಗಿದ್ದೆ. ಘಟ್ಟ ಇಳಿಯುವವರೆಗೆ ಬಸ್ಸಿನ ಕಿಟಕಿಯಲ್ಲಿ ಗಾಳಿ ಇತ್ತು, ಇಳಿದ ಮೇಲೆ ಯಾರೋ ಒಲೆಯ ಬಾಯಿ ನನ್ನ ಕಡೆ ತಿರುಗಿಸಿದರು. ಅಕ್ಕನ ಮನೆಯಲ್ಲಿ ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ಬಿಸಿನೀರು. "ಗೀಸರ್ ಹಾಕ್ಸಿದ್ದೀರಾ, ಪರವಾಗಿಲ್ವಲ್ಲ" ಎಂದೆ. "ಗೀಸರ್ ಎಲ್ಲದ್ಲಾ, ಬಿಸ್ಲು ಅದು" ಎಂದಳು. ಫ್ಯಾನು ಆ ಬಿಸಿಯನ್ನೇ ಎಲ್ಲರಿಗೂ ಸಮನಾಗಿ ಹಂಚುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ಬೀದಿಗೆ ಇಳಿದೆ. ಹೊಸ ಊರು ಎಂದರೆ ಹೊಸ ದನಿಗಳು, ಒಂದೆರಡು ಎತ್ತಿಕೊಂಡು ಬರೋಣ ಎಂಬ ದುರಾಸೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಎಲ್ಲ ಬಾಗಿಲೂ ಮುಚ್ಚಿತ್ತು, ಕಿಟಕಿಗಳಿಗೆ ಒದ್ದೆ ಬಟ್ಟೆ ಇಳಿಬಿಟ್ಟಿದ್ದರು. ಒಳಗೆ ಜನರಿದ್ದಾರೆ, ಮಲಗಿದ್ದಾರೆ, ಅಷ್ಟೆ ಎಂದು ನನಗೆ ಗೊತ್ತಿತ್ತು. ಆದರೂ ಒಂದು ಕೆಮ್ಮು ಇಲ್ಲ, ಒಂದು ಮಗುವಿನ ಅಳುವೂ ಇಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಚಪ್ಪಲಿಯ ಸದ್ದು ನನ್ನ ಹಿಂದಿನಿಂದ ಬರುತ್ತಿದೆ ಅನ್ನಿಸಿತು. ನಿಂತೆ. ಅದೂ ನಿಂತಿತು, ಒಂದು ಹೆಜ್ಜೆ ತಡವಾಗಿ. ಗೋಡೆಗಳ ಪ್ರತಿಧ್ವನಿ ಎಂದು ನನಗೆ ನಾನೇ ವಿಜ್ಞಾನದ ಮೇಷ್ಟರ ದನಿಯಲ್ಲಿ ಪಾಠ ಹೇಳಿಕೊಂಡು ವಾಪಸು ಓಡಿದೆ. ನಡೆದುಕೊಂಡೇ ಬಂದೆ ಎಂದು ಅಕ್ಕನಿಗೆ ಹೇಳಿದೆ.

ಅಂದು ಸಂಜೆ ಮಗುವನ್ನು ನಗಿಸೋಣವೆಂದು ಒಂದೊಂದೇ ದನಿ ತೆಗೆದೆ. ಡೈರಿ ಸೆಕ್ರೆಟರಿ ಬಂದ, ಕಂಡಕ್ಟರ್ ಬಂದ, ದೊಡ್ಡತ್ತೆ ಬಂದಳು. ಮಗು ಸುಮ್ಮನೆ ನೋಡುತ್ತಿತ್ತು. ತಪ್ಪು ಅದರದಲ್ಲ. ಸೆಕ್ರೆಟರಿಯನ್ನು ಕಾಣದವರಿಗೆ ಅವನ ದನಿ ಎಂದರೆ ಬರೀ ನೆಗಡಿ. ಈ ಊರಿಗೆ ಬಂದರೆ ನನ್ನ ಗಂಟಲಿನ ಬಾಡಿಗೆದಾರರೆಲ್ಲ ಗುರುತಿನ ಚೀಟಿ ಇಲ್ಲದವರಾಗುತ್ತಾರೆ ಎಂದು ಆಗಲೇ ಹೊಳೆದದ್ದು. ಕೊನೆಗೆ ಅಪ್ಪನ ಗಂಟಲು ಸರಿಮಾಡಿದೆ. ಮಲಗಿದ್ದ ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಪಾದಗಳು ಊದಿದ್ದವು. ಅದು ಕಂಡದ್ದೂ ಆಗಲೇ.

"ಯಾರ್ ಮಾಮಾ ಅದು?" ಎಂದು ಮಗು ಕೇಳಿತು.

"ನಿಮ್ ತಾತ ಕಣಮ್ಮಿ."

ಮಗು ನನ್ನ ಮುಖ ನೋಡಲಿಲ್ಲ. ನನ್ನ ಬೆನ್ನಹಿಂದೆ ನೋಡಿತು. ಎದ್ದು ಹೋಗಿ, ಬಾಗಿಲನ್ನು ಎರಡೂ ಕೈಯಿಂದ ಎಳೆದು, ಅದರ ಸಂದಿಯಲ್ಲಿ ಇಣುಕಿ ಬಂತು.

ಊರಿಗೆ ಮರಳಿದ ಮೇಲೆ ಮಗು ಫೋನಿನಲ್ಲಿ "ತಾತಂಗೆ ಕೊಡು" ಎಂದು ಹಟ ಹಿಡಿಯುವುದು ಶುರುವಾಯಿತು. ನಾನಿದ್ದರೆ ತಾತನಾಗಿ ಎರಡು ಮಾತಾಡಿ ಕೊಡುತ್ತಿದ್ದೆ. ಒಂದು ಸಂಜೆ ಆಟೋ ನಿಲ್ಲಿಸಿ ಮನೆಗೆ ಬಂದರೆ ಅವ್ವ ದೀಪವನ್ನೂ ಹಾಕದೆ ಜಗಲಿಯ ಮೇಲೆ ಕುಳಿತಿದ್ದಳು.

"ಮಗು ಫೋನ್ ಮಾಡಿತ್ತು ಕಣ್ಲಾ. ತಾತಂಗೆ ಕೊಡು ಅಂತು. ತಾತ ಇಲ್ಲ ಕಣಮ್ಮಿ ಅಂದೆ. 'ಅಜ್ಜಿ ಸುಳ್ಳು, ಈಗ್ತಾನೆ ಕೆಮ್ಮುದ್ರಲ್ಲ' ಅಂತು."

"ಮಕ್ಳು ಏನೇನೋ ಅಂತವೆ ಕಣವ್ವ."

"ನೀನು ಮನೇಲಿರ್ನಿಲ್ಲ" ಎಂದಳು ಅವ್ವ, ಅಷ್ಟೆ.

ಆಮೇಲೆ ಕರೂರಿನ ಮಾತು ಬಂದಾಗಲೆಲ್ಲ ಅವಳದು ಒಂದೇ ತಕರಾರು. ಬಿಸಿಲಲ್ಲ, ಭಾಷೆಯಲ್ಲ, ಕೊಟ್ಟಿಗೆಯ ಹಸುವೂ ಅಲ್ಲ. ನಮ್ಮ ಕಡೆ ಹಿರಿಯರ ಹಬ್ಬದ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಮಡಗಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬಂದು ಕೂರುತ್ತೇವೆ. ಅವರು ಬಂದು ಉಂಡು ಹೋಗಬೇಕಲ್ಲ, ನಾವು ನೋಡುತ್ತಾ ಕುಳಿತರೆ ಸಂಕೋಚ.

"ನಾವು ಅಲ್ಲಿ ಎಡೆ ಮಡಗದು, ನಿಮ್ಮಪ್ಪ ಇಲ್ಲಿಗೆ ಬಂದು ಬೀಗ ನೋಡ್ಕಂಡು ನಿಂತ್ಕಳದು. ಆಗ?"

"ಬೀಗ ಅಪ್ಪನ್ನ ಏನ್ ಮಾಡ್ತದವ್ವ?"

"ಬಾಯಿ ಮುಚ್ಚು. ಬದುಕಿದ್ದಾಗ್ಲೂ ಕರೀದೆ ಯಾರ್ ಮನೆ ಒಳಕೂ ಓಗಿದ್ದೋರಲ್ಲ."

ಹಬ್ಬ ಬಂತು. ಹಬ್ಬ ಕಳೆದ ಮೇಲೆ ಉತ್ತರ ಹೇಳುತ್ತೇವೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆವು. ಗುಂಡ್ಲುಪೇಟೆಯಿಂದ ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಚೆಂಡು ಹೂವಿನ ಚೀಲದೊಂದಿಗೆ ಬೆಳಗ್ಗೆಯೇ ಬಂದಿಳಿದಳು. ಕುರಿ ಬಾಡಿನ ಸಾರು ಕುದಿಯುತ್ತಿರುವಾಗ ಅವ್ವ ತನ್ನ ತೀರ್ಮಾನ ಹೇಳಿದಳು.

"ಅವ್ರನ್ನೇ ಕೇಳ್ಬುಡನ ಅತ್ತಿಗೆ. ಎಡೆ ಮಡಗಿ, ಓಗದಾ ಬ್ಯಾಡ್ವಾ ಅಂತ ಕೇಳಿ ಬಾಗ್ಲು ಹಾಕ್ತಿನಿ. ಒಳಗೆ ಏನಾರ ಒಂದು ಸದ್ದಾದ್ರೆ ಅವ್ರು ಇಲ್ಲೇ ಅವ್ರೆ, ನಾನು ಈ ಮನೆ ಬುಡಾಕಿಲ್ಲ. ಆಗ್ನಿಲ್ಲ ಅಂದ್ರೆ ಮಗಳ ತಾವ್ಕೆ ಓಗದೇಯ."

"ಸರಿ ಬುಡು. ನಮ್ ತಮ್ಮಯ್ಯ ಬಾಯಿ ಬುಟ್ಟು ಯೋಳದೇ ಓಗೋನಲ್ಲ" ಎಂದಳು ದೊಡ್ಡತ್ತೆ. ನನ್ನ ಕಡೆ ತಿರುಗಿ, "ನೀನು ಎಲ್ಲಾರ ನಿನ್ನ ನಾಟ್ಕ ತೆಗುದ್ಯೋ, ನಾಲ್ಗೆ ಸುಟ್ಬುಡ್ತಿನಿ" ಎಂದಳು.

ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ಸುಳ್ಳಲ್ಲ. ಸದ್ದಾಗುವುದು ಏನು ಮಹಾ, ಇಲಿ ಓಡಿದರೂ ಸದ್ದೇ. ಇಲ್ಲೇ ಇರಬಹುದು, ನನ್ನ ಆಟೋ, ನನ್ನ ಸೆಕ್ರೆಟರಿ, ನನ್ನ ಕಂಡಕ್ಟರ್. ಆಮೇಲೆ ಅಕ್ಕನ ಪಾದಗಳು ನೆನಪಾದವು.

ಹೊತ್ತು ಮುಳುಗುವಾಗ ನಡುಮನೆಯಲ್ಲಿ ಎಲೆ ಹಾಕಿದೆವು. ಮುದ್ದೆ, ಬಾಡಿನ ಸಾರು, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬ್ರಾಂದಿ, ಹೊಸ ಪಂಚೆ, ಶರ್ಟು. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕಿಟಕಿ ಮುಚ್ಚಿ, ಬೆಕ್ಕನ್ನು ಹುಡುಕಿ ಹೊರಗೆ ಹಾಕಿದವನು ನಾನೇ. ಅವ್ವ ಕೈಮುಗಿದು ಕೇಳಬೇಕಾದದ್ದನ್ನು ಕೇಳಿದಳು. ಬಾಗಿಲು ಎಳೆದುಕೊಂಡು ಮೂವರೂ ಜಗಲಿಯ ಮೇಲೆ ಕುಳಿತೆವು.

ಬೀದಿಯ ಉದ್ದಕ್ಕೂ ಹಾಗೆಯೇ. ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು, ಬಾಗಿಲ ಮುಂದೆ ಮನೆಯವರೆಲ್ಲ ತರಗತಿಯಿಂದ ಹೊರಗೆ ಕಳಿಸಿದ ಮಕ್ಕಳಂತೆ ಕುಳಿತಿದ್ದರು. ಯಾರೂ ಮೊಬೈಲ್ ನೋಡುತ್ತಿರಲಿಲ್ಲ. ಸಂದಿಗಳಿಂದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು. ಊರಿನ ಜೀವಂತ ಜನರೆಲ್ಲ ಹೊರಗೆ, ಮಿಕ್ಕವರೆಲ್ಲ ಒಳಗೆ.

ನನಗೆ ಆಕಳಿಕೆ ಬಂತು. ಬಾಯಿ ಪೂರ್ತಿ ತೆರೆದಿದ್ದಾಗಲೇ ಒಳಗಿನಿಂದ ಕೇಳಿಸಿತು. ಮೊದಲು ಕರಕರ, ಆಮೇಲೆ ಆ 'ಹ್ಞೂಂ'.

ದೊಡ್ಡತ್ತೆಯ ಕೈ ನನ್ನ ತಲೆಯ ಮೇಲೆ ಬಿತ್ತು. "ಮುಂಡೇದೇ, ಇವತ್ತೂ ಬುಡಾಕಿಲ್ವಲ್ಲಾ ನೀನು!"

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಇಷ್ಟು ವರ್ಷ ಆ ಸದ್ದು ಮಾಡುವವನು ಈ ಊರಲ್ಲಿ ನಾನೊಬ್ಬನೇ ಆದ್ದರಿಂದ, ಒಂದು ಗಳಿಗೆ ನನಗೂ ಅನುಮಾನ ಬಂತು. ಗಂಟಲು ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು.

"ನೀನಾ?" ಎಂದು ಅವ್ವ ಕೇಳಿದಳು. ಗದರಿಸುವ ದನಿಯಲ್ಲ. ನನ್ನ ಮುಖದ ಹತ್ತಿರ ಮುಖ ತಂದು ನಿಧಾನವಾಗಿ ಕೇಳಿದಳು.

ನಾನಲ್ಲ ಎಂದರೆ ಅವಳು ಈ ಜಗಲಿ ಬಿಟ್ಟು ಏಳುವುದಿಲ್ಲ, ನಾನೂ ಆರಾಮ. ಅಲ್ಲಿ ಅಕ್ಕ ಬಿಸಿ ಗಾಳಿಯ ಫ್ಯಾನಿನ ಕೆಳಗೆ ಮಲಗಿ ನಾಳೆ ಬರುವ ಫೋನಿಗೆ ಕಾಯುತ್ತಿದ್ದಾಳೆ.

"ನಾನೇ ಕಣವ್ವ."

"ನೀನೇ?"

"ಹ್ಞೂ. ಸುಮ್ನೆ ತಮಾಷೆಗೆ."

"ಇನ್ನೊಂದ್ ದಪ ಮಾಡು."

ನಿದ್ದೆಗಣ್ಣಲ್ಲೂ ಮಾಡಬಲ್ಲ ಕೆಲಸ. ಗಂಟಲು ಬಿಗಿದು ಶುರುಮಾಡಿದೆ. ಬರೀ ಕೆಮ್ಮು ಬಂತು, ನನ್ನದೇ ಕೆಮ್ಮು. ಮತ್ತೆ ಮಾಡಿದೆ. ಗಂಟಲಲ್ಲಿ ಅಪ್ಪ ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಯಾರೋ ಬಂದು ತಮ್ಮ ಸಾಮಾನು ತಾವು ತೆಗೆದುಕೊಂಡು ಹೋದ ಹಾಗಿತ್ತು. ಎದುರು ಮನೆಯ ಜಗಲಿಯವರು ಇತ್ತ ತಿರುಗಿ ನೋಡಿದರು. ದೊಡ್ಡತ್ತೆ ನನ್ನಿಂದ ಸ್ವಲ್ಪ ದೂರ ಸರಿದು ಕುಳಿತಳು.

"ಯಾಕ್ಲಾ ಸುಳ್ಳು ಯೋಳ್ದೆ?" ಎಂದಳು ಅವ್ವ.

"ಅಕ್ಕ ಒಬ್ಳೇ ಅವ್ಳೆ ಕಣವ್ವ."

ಅವ್ವ ಮುಚ್ಚಿದ ಬಾಗಿಲ ಕಡೆ ತಿರುಗಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು. "ಅವ್ರು ಇಲ್ಲೇ ಅವ್ರೆ ಅನ್ನದು ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು. ಇರೋರ್ಗೆ ಯೋಳ್ಬುಟ್ಟು ಓಗ್ಬೋದು. ಇಲ್ದೋರ್ಗೆ ಯೋಳಾಕಾಯ್ತದಾ? ಬಾ, ನಿಮ್ಮಪ್ಪಂಗೆ ದಾರಿ ಯೋಳು ಬಾ. ನಂಗೇನ್ ಗೊತ್ತು ಬಸ್ಸು ಗಿಸ್ಸು."

"ನಾನು ಬರಾಕಿಲ್ಲಪ್ಪ" ಎಂದು ದೊಡ್ಡತ್ತೆ ಜಗಲಿಯಲ್ಲೇ ಉಳಿದಳು.

ಬಾಗಿಲು ತಟ್ಟಿ, "ಬತ್ತಿವಿ" ಎಂದು ಹೇಳಿ ಒಳಗೆ ಹೋದೆವು. ಎಲೆ ಇಟ್ಟ ಹಾಗೇ ಇತ್ತು, ಯಾವುದೂ ಕದಲಿರಲಿಲ್ಲ. ಗಾಳಿ ಇಲ್ಲದ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ ಮಾತ್ರ ನೆಟ್ಟಗೆ ಏಳದೆ, ಹೊಸ ಶರ್ಟಿನ ಸುತ್ತ ಬಳಸಿಕೊಂಡು ಹೋಗುತ್ತಿತ್ತು. ಅವ್ವ ಎಲೆಯ ಎದುರು ಕುಳಿತು, "ಕೇಳ್ಕಳಿ. ನಿಮ್ ಮಗ ಯೋಳ್ತನೆ. ಮಗಳ ಊರ್ಗೆ ಓಯ್ತಾ ಇದ್ದಿವಿ. ಬರೋ ವರ್ಸ ಎಡೆ ಅಲ್ಲೇಯ" ಎಂದಳು.

ಅಭ್ಯಾಸಬಲದಿಂದ ಕಂಡಕ್ಟರನ ದನಿಯಲ್ಲಿ ಶುರುಮಾಡಹೊರಟೆ. ಅದೂ ಬರಲಿಲ್ಲ. ನನ್ನದೇ ದನಿಯಲ್ಲಿ ಹೇಳಿದೆ. ಆ ದನಿ ಇಷ್ಟು ತೆಳ್ಳಗಿದೆಯೆಂದು ನನಗೆ ತಿಳಿದಿರಲಿಲ್ಲ.

"ಅಪ್ಪ, ಚಾಮರಾಜನಗರದಲ್ಲಿ ಸತ್ಯಮಂಗಲದ ಬಸ್ ಹತ್ಬೇಕು. ಹಾಸನೂರು ಬತ್ತದ, ಕಾಡು. ಆಮೇಲೆ ದಿಂಬದ ಘಟ್ಟ, ತಿರುವು ಜಾಸ್ತಿ, ಮುಂದ್ಗಡೆ ಸೀಟಲ್ಲಿ ಕೂತ್ಕೊ. ಸತ್ಯಮಂಗಲದಲ್ಲಿ ಈರೋಡ್ ಬಸ್ಸು. ಈರೋಡಲ್ಲಿ ಇಳಿಯದು."

ಉಸಿರು ತೆಗೆದುಕೊಳ್ಳಲು ನಿಂತೆ.

"ಆಮೇಲೆ?"

ಅವ್ವ ಕೇಳಿದಳು ಎಂದುಕೊಂಡು ತಿರುಗಿದೆ. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ನಾನು ಮತ್ತೆ ಶರ್ಟಿನ ಕಡೆಗೆ ತಿರುಗಿ, ಊರು ಗೊತ್ತಿಲ್ಲದವರಿಗೆ ಹೇಳುವ ಹಾಗೆ ನಿಧಾನವಾಗಿ, ಕರೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳತೊಡಗಿದೆ.