ಬಿಳಿ ಎತ್ತಿನ ಸಾಕ್ಷಿ

ಮೊಳಕೈವರೆಗೆ ಹಸಿರು ಗಾಜಿನ ಬಳೆ. ಚಿಕ್ಕವ್ವ ರೊಟ್ಟಿ ಬಡಿಯಲು ಕೂತರೆ ಆ ಬಳೆಗಳ ಸಪ್ಪಳ ಗೋಗಿ ಊರಿನ ನಮ್ಮ ಓಣಿಗೆಲ್ಲ ಕೇಳುತ್ತಿತ್ತು. ಒಂದು ಒಡೆದರೂ ಅಂದೇ ಬಳೆಗಾರ್ತಿಯನ್ನು ಕರೆಸುತ್ತಿದ್ದಳು.

ಆ ಹಟಕ್ಕೆ ಕಾರಣವಿತ್ತು. ನಿಜಾಮನ ಆಳ್ವಿಕೆ ಮುಗಿಯುವ ಮುಂಚಿನ ಗಲಾಟೆಯಲ್ಲಿ, ಜೋಳ ಹೇರಿಕೊಂಡು ಯಾದಗಿರಿಗೆ ಹೋದ ಅವಳ ಗಂಡ, ನಮ್ಮ ಕಾಕಾ, ತಿರುಗಿ ಬರಲಿಲ್ಲ. ಎತ್ತುಗಳು ಮಾತ್ರ ಬರಿ ಗಾಡಿ ಎಳೆದುಕೊಂಡು ತಾವೇ ಮನೆ ಸೇರಿದವು. ರಾಜ್ಯ ಬದಲಾಯಿತು, ಹುಡುಕಿಸಿದ್ದೂ ಆಯಿತು, ಸುದ್ದಿಯಿಲ್ಲ. ಬಳೆ ತೆಗೆ, ಕುಂಕುಮ ಅಳಿಸು ಎಂದು ಹಿರಿಯರು ಬೆನ್ನು ಹತ್ತಿದರು. ಚಿಕ್ಕವ್ವನದು ಒಂದೇ ಮಾತು: "ಕಣ್ಣಾರೆ ನೋಡಿದಾಂವ ಬಂದು ಹೇಳ್ಲಿ. ತೆಗಿತೀನ್ರಿ."

ಶಹಾಪುರಕ್ಕೆ ಟೂರಿಂಗ್ ಟಾಕೀಸಿನ ಡೇರೆ ಬಂದಾಗ ಅವ್ವ ಅವಳನ್ನೂ ಒತ್ತಾಯ ಮಾಡಿ ಹೊರಡಿಸಿದಳು. ಎಂಥ ಸಿನೆಮಾ ಅಂತೀರಿ! ಕತ್ತೆ ಹಾಡುತ್ತದೆ, ಕಪ್ಪೆ ವಕೀಲಿ ಮಾಡುತ್ತದೆ, ಕಡೆಗೆ ಎತ್ತೊಂದು ಕಟಕಟೆ ಹತ್ತಿ, ತಾನು ಕಂಡದ್ದನ್ನೆಲ್ಲ ರಾಗವಾಗಿ ಹಾಡಿ ಕಳ್ಳನನ್ನು ಹಿಡಿದುಕೊಡುತ್ತದೆ. ಹಿಂದಿಯ ಮಾತನ್ನು ಪರದೆಯ ಪಕ್ಕ ನಿಂತವನೊಬ್ಬ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಜನ ಬಿದ್ದುಬಿದ್ದು ನಕ್ಕರು. ನಾನಂತೂ ಹೊಟ್ಟೆ ಹಿಡಿದುಕೊಂಡಿದ್ದೆ. ಚಿಕ್ಕವ್ವ ಮಾತ್ರ ನಗದೆ ನನ್ನ ತೋಳನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ಮರುದಿನ ಬೆಳಿಗ್ಗೆ ನೋಡಿದರೆ, ದನದ ಕೊಟ್ಟಿಗೆಯಲ್ಲಿ ಬಿಳಿ ಎತ್ತಿನ ಕೊರಳು ತಬ್ಬಿ ನಿಂತಿದ್ದಳು. ಅದರ ಜೋಡಿ ಹಿಂದೆಯೇ ಸತ್ತಿತ್ತು.

"ನಿನಗಷ್ಟ ಗೊತ್ತೈತಿ. ಎಲ್ಲಿ ಬಿಟ್ಟ ಬಂದಿ ಅವರ್ನ? ನನಗರ ಹೇಳು."

ಎತ್ತು ಅವಳ ಕೈ ನೆಕ್ಕಿತು. ಹಿಂದಿನ ದಿನ ಅಷ್ಟೊಂದು ನಕ್ಕಿದ್ದು ನೆನೆದು ನನಗೆ ಅಳು ಬಂತು.

ಅಂದಿನಿಂದ ದಿನಾ ಮೇವು ಹಾಕುವಾಗ ಅದೇ ಕೇಳಿಕೆ. ತಲೆ ಕೆಟ್ಟಿದೆ ಎಂದರು ಓಣಿಯವರು. ಕೆಟ್ಟಿರಲಿಲ್ಲ, ಹೊಲ, ಮನೆ ಎರಡನ್ನೂ ಅವಳೇ ತೂಗಿಸುತ್ತಿದ್ದಳು. ಮುದಿ ಎತ್ತನ್ನು ಮಾರೋಣವೆಂದು ಅಪ್ಪ ಅಂದಾಗ ಮಾತ್ರ ಉಣ್ಣದೆ ಕೂತುಬಿಟ್ಟಳು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಎತ್ತು ಸತ್ತಿತು. ಹೊಲದಲ್ಲಿ ಗುಂಡಿ ತೋಡಿದರು. ಮಣ್ಣು ಎಳೆಯುವ ಮುಂಚೆ ಚಿಕ್ಕವ್ವ, ಯಾರೂ ಹೇಳದೆ, ಬಳೆಗಳನ್ನೆಲ್ಲ ಕಳಚಿ ಅದರ ಕೊರಳ ಹತ್ತಿರ ಇಟ್ಟಳು.

"ನೋಡಿದ್ದು ಇದೊಂದ ಇತ್ತು," ಎಂದಳು ಅಪ್ಪನಿಗೆ. "ಇನ್ನ ಯಾರನ್ನ ಕಾಯ್ಲಿರಿ?"

ಆಮೇಲೂ ಬಹಳ ವರ್ಷ ಬದುಕಿದಳು, ನನ್ನ ಮಕ್ಕಳನ್ನೂ ಎತ್ತಿ ಆಡಿಸಿದಳು. ಹಾಸಿಗೆ ಹಿಡಿಯುವತನಕ ಮನೆಯ ರೊಟ್ಟಿ ಅವಳೇ ಬಡಿದಳು. ಹಿಟ್ಟಿನ ಮೇಲೆ ಬರಿಗೈ ಬೀಳುವ ಸಪ್ಪಳವಷ್ಟೇ ಕೇಳುತ್ತಿತ್ತು.