ಗದ್ದೆಯಲ್ಲಿ ತೇಲಿದ ಕಾಲು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಗುರ ವಸ್ತುಗಳ ಸಂಶೋಧನಾ ವಿಭಾಗದ ಮುಖ್ಯಸ್ಥೆ. ಕಾರ್ಬನ್ ಫೈಬರ್, ಅಂದರೆ ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಕೃತಕ ಕಾಲು ಮಾಡುತ್ತಿದ್ದೆವು. ಹಳೆಯ ಕಾಲಿನ ತೂಕ ಎರಡೂವರೆ ಕಿಲೋ; ನಮ್ಮದು ಒಂದು ಕಿಲೋ ನೂರು ಗ್ರಾಂ. ಅಷ್ಟು ಇಳಿಸಲು ಮೂರು ವರ್ಷ ತಲೆ ಕೆಡಿಸಿಕೊಂಡಿದ್ದೆವು.

ಮೊದಲ ಕಾಲು ಹೋದದ್ದು ಬೆಳಕವಾಡಿಯ ಜಯಮ್ಮನಿಗೆ. ಅಪಘಾತದಲ್ಲಿ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕಳೆದುಕೊಂಡಿದ್ದ ಆಕೆ ಭತ್ತದ ನಾಟಿ ಗುಂಪಿನ ಮುಂದಾಳು. ತಿಂಗಳಿಗೇ ವಾಪಸ್ ಬಂದರು. ಚರ್ಮ ಉಜ್ಜಿ ಕೆಂಪಾಗಿತ್ತು. ಕಾಲನ್ನು ತಕ್ಕಡಿಗಿಟ್ಟರೆ ಮೂರು ಕಿಲೋ ಚಿಲ್ಲರೆ! ಕೊಳವೆಯ ಸುತ್ತ ನಾವು ಕಾಲಿನ ಆಕಾರಕ್ಕೆ ಹಾಕಿದ್ದ ಕವಚಕ್ಕೆ ತೂತು ಕೊರೆದು, ಒಳಗೆ ಮರಳು ತುಂಬಿ, ಬಿರಡೆ ಜಡಿದಿದ್ದರು.

ನನಗೆ ಪಿತ್ತ ನೆತ್ತಿಗೇರಿತು. “ಏನ್ರೀ ಇದು? ಮೂರು ವರ್ಷದ ಕೆಲಸ ಹಾಳು ಮಾಡಿಬಿಟ್ಟಿರಲ್ಲ!”

“ಬಯ್ಬ್ಯಾಡಿ ಕಣವ್ವ. ನಿಮ್ಮ ಕಾಲು ಗದ್ದೆಲಿ ತೇಲ್ತದೆ. ನಾಟಿ ಆಕ್ತಾ ಇಂದಕ್ಕೆ ಎಜ್ಜೆ ಇಟ್ರೆ ಬಿದ್ದೋಯ್ತೀನಿ. ಇನ್ನೊಂದ್ಸಲ ಬಿದ್ರೆ ಗುಂಪಿಂದ ಬುಟ್ಬುಡ್ತಾರೆ.”

ನಾನು ನಂಬಲಿಲ್ಲ. ನಾಲ್ಕು ದಿನ ಬಿಟ್ಟು, ಮರಳು ತೆಗೆದು ತೂತು ಮುಚ್ಚಿಸಿದ ಕಾಲು ಹಿಡಿದು ಬೆಳಕವಾಡಿಗೇ ಹೋದೆ. ಕೆಸರಿಗೆ ಒತ್ತಿ ಕೈಬಿಟ್ಟೆ. ಬೆಂಡಿನ ಹಾಗೆ ಮೇಲೆದ್ದಿತು! ನೋಡಲು ಚೆನ್ನಾಗಿರಲಿ, ನೀರು ಹೋಗದಿರಲಿ ಎಂದು ಟೊಳ್ಳು ಕವಚವನ್ನು ನಾವೇ ಬಿಗಿಯಾಗಿ ಮುಚ್ಚಿದ್ದೆವು; ಒಳಗೆಲ್ಲ ಗಾಳಿ. ಪರೀಕ್ಷೆ ಮಾಡಿದ್ದು ಟ್ರೆಡ್‌ಮಿಲ್ಲು, ಮೆಟ್ಟಿಲು, ಟೈಲ್ಸ್ ನೆಲದ ಮೇಲೆ. ಪ್ರಯೋಗಾಲಯದ ಕಿಟಕಿ ತೆರೆದರೆ ಕಾಣುವುದೇ ಭತ್ತದ ಗದ್ದೆ. ಥೂ, ನಮ್ಮ ಬುದ್ಧಿಗಿಷ್ಟು!

ಅಲ್ಲೇ ಕವಚದ ಸ್ಕ್ರೂ ಬಿಚ್ಚಿದೆ. ಉಳಿದದ್ದು ಮೊಣಕಾಲು ಕೂರುವ ಬಟ್ಟಲು, ಒಂದು ಸಣ್ಣ ಕೊಳವೆ ಮತ್ತು ಪಾದ. ತೂಕ ಇನ್ನೂ ಕಡಿಮೆ, ಆದರೆ ತೇಲಿಸುವ ಗಾಳಿ ಈಗ ಇರಲಿಲ್ಲ.

“ನೋಡೋಕೆ ಚೆನ್ನಾಗಿಲ್ಲ ಜಯಮ್ಮ.”

“ಗದ್ದೆಲಿ ನನ್ನ ಕಾಲ ನೋಡಾಕೆ ಯಾರು ಬಂದಾರು, ಬುಡಿ!”

ಗುಂಪಿನವರು ಪೈರು ಹಿಡಿದು ಕಾಯುತ್ತಿದ್ದರು. ಜಯಮ್ಮ ಇಳಿದರು, ಬಗ್ಗಿದರು, ಹಿಂದಕ್ಕೆ ಹೆಜ್ಜೆ ಇಟ್ಟರು. ಕಾಲು ಕೆಸರಿನಲ್ಲಿ ಇಳಿಯಿತು, ನಿಂತಿತು, ಎಳೆದಾಗ ಸಲೀಸಾಗಿ ಬಂತು.

ಬಳಸುವವರ ನೆಲ ತುಳಿಯದೆ ವಸ್ತು ಮಾಡಬಾರದು ಎಂಬುದನ್ನು ಆ ಕೆಲಸ ನನಗೆ ಅಷ್ಟು ತಡವಾಗಿ ಕಲಿಸಿತು. ಆ ದಿನ ಗದ್ದೆಯ ಕೊನೆಯವರೆಗೂ ಜಯಮ್ಮ ಬೀಳಲಿಲ್ಲ. ಎರಡೂ ಕಾಲು ನೆಟ್ಟಗಿದ್ದ ನಾನು ಬದುವಿನ ಮೇಲೆ ಎರಡು ಸಲ ಬಿದ್ದೆ.